ಶಿಕ್ಷೆಯಾಯಿತು, ಮುಂದೇನು?

‘ಬಾಲಕಿ ಮೇಲೆ ಲೈಂಗಿಕ ದೌರ್ಜನ್ಯ: ಅಪರಾಧಿಗೆ 20 ವರ್ಷ ಕಠಿಣ ಸಜೆ.’ ಜಿಲ್ಲಾ ಪುಟಗಳಲ್ಲಿ ಇಂಥ ಶೀರ್ಷಿಕೆ ಆಗಾಗ ಕಣ್ಣಿಗೆ ಬೀಳುತ್ತದೆ. ಕೆಳಗೆ ನಾಲ್ಕೈದು ಸಾಲಿನ ಸುದ್ದಿ. ದಂಡ ಎಷ್ಟು, ಪರಿಹಾರ ಎಷ್ಟು, ವಾದ ಮಂಡಿಸಿದ ಸರ್ಕಾರಿ ಅಭಿಯೋಜಕರು ಯಾರು ಎಂಬಲ್ಲಿಗೆ ಅದು ಮುಗಿಯುತ್ತದೆ. ಓದಿದವರು ‘ಸದ್ಯ, ನ್ಯಾಯ ಸಿಕ್ಕಿತು’ ಎಂದು ಪುಟ ತಿರುವುತ್ತಾರೆ. ಮಗುವಿನ ಮನೆಯವರೂ ಬಹಳ ಸಲ ಹಾಗೆಯೇ ಅಂದುಕೊಂಡು ಕೋರ್ಟಿನ ಮೆಟ್ಟಿಲಿಳಿದು ಊರಿನ ಬಸ್ಸು ಹತ್ತುತ್ತಾರೆ. ಇನ್ನು ಮುಂದೆ ಏನು ನಡೆಯಬಹುದು ಎಂದು ಅವರನ್ನು ಕೂರಿಸಿಕೊಂಡು ಹೇಳುವವರು ಅಪರೂಪ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ತಡೆ ಕಾಯ್ದೆ, ಎಂದರೆ ಪೋಕ್ಸೊ, ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಇದರ ಅಡಿ ಶಿಕ್ಷೆ ವಿಧಿಸುವುದು ಸೆಷನ್ಸ್ ದರ್ಜೆಯ ವಿಶೇಷ ನ್ಯಾಯಾಲಯ. ಹಾಗಾಗಿ ಮೇಲ್ಮನವಿ ನೇರವಾಗಿ ಹೈಕೋರ್ಟಿಗೆ ಹೋಗುತ್ತದೆ. ನಮ್ಮಲ್ಲಿ ಜಿಲ್ಲೆ ಯಾವುದು ಎಂಬುದರ ಮೇಲೆ ಬೆಂಗಳೂರು, ಧಾರವಾಡ ಇಲ್ಲವೇ ಕಲಬುರಗಿ ಪೀಠಕ್ಕೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 374ನೇ ಕಲಂ ಕೊಡುತ್ತಿದ್ದ ಈ ಹಕ್ಕು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 415ನೇ ಕಲಂನಲ್ಲಿದೆ. ಕಾಲಮಿತಿ ಕಾಯ್ದೆಯ ಪ್ರಕಾರ ಶಿಕ್ಷೆಯಾದ ದಿನದಿಂದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಮರಣದಂಡನೆಯಾಗಿದ್ದರೆ 30 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ಸಮಯ ಲೆಕ್ಕಕ್ಕೆ ಬರುವುದಿಲ್ಲ. ತಡವಾದರೆ, ಕಾರಣ ಒಪ್ಪುವಂತಿದ್ದರೆ, ನ್ಯಾಯಾಲಯ ವಿಳಂಬವನ್ನು ಮನ್ನಿಸುತ್ತದೆ.

ಜೈಲು ಶಿಕ್ಷೆಯಾದವನಿಗೆ ತೀರ್ಪಿನ ನಕಲನ್ನು ಉಚಿತವಾಗಿ, ತಕ್ಷಣ ಕೊಡಬೇಕು. ವಕೀಲರನ್ನಿಡಲು ಕೈಯಲ್ಲಿ ಕಾಸಿಲ್ಲದಿದ್ದರೆ ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳುಹಿಸಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರ ನೆರವು ಸಿಗುತ್ತದೆ.

ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು. ಮಗುವಿಗೆ ಇಂಥದ್ದು ಮಾಡಿದವನಿಗೆ ಇಷ್ಟೊಂದು ಸವಲತ್ತೇಕೆ? ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಈ ಹಕ್ಕು ಇರಲೇಬೇಕು ಎಂದು ನಾನು ನಂಬುತ್ತೇನೆ. 2019ರ ತಿದ್ದುಪಡಿಯ ನಂತರ ಈ ಕಾಯ್ದೆಯ ಕನಿಷ್ಠ ಶಿಕ್ಷೆಗಳು ಬಹಳ ಕಠಿಣವಾಗಿವೆ. 16 ವರ್ಷದೊಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷ. ತೀವ್ರ ಸ್ವರೂಪದ್ದಾದರೆ ಉಸಿರಿರುವವರೆಗೆ ಸೆರೆವಾಸ ಅಥವಾ ಮರಣದಂಡನೆಯವರೆಗೂ ಹೋಗಬಹುದು. ಒಬ್ಬ ನ್ಯಾಯಾಧೀಶರು, ಒಂದು ಕೋರ್ಟು, ಅಲ್ಲಿ ದಾಖಲಾದ ಸಾಕ್ಷ್ಯ ಇವುಗಳ ಆಧಾರದ ಮೇಲೆ ಒಬ್ಬನ ಇಡೀ ಬದುಕು ಒಳಗೆ ಹೋಗುವಾಗ, ಇನ್ನೊಂದು ಜೊತೆ ಕಣ್ಣು ಆ ಕಡತವನ್ನು ಓದಲೇಬೇಕು. ತಪ್ಪು ಮನುಷ್ಯ ಜೈಲಿನಲ್ಲಿದ್ದರೆ ಸರಿಯಾದ ಮನುಷ್ಯ ಹೊರಗಿದ್ದಾನೆ ಎಂದೇ ಅರ್ಥ. ಅದರಿಂದ ಯಾವ ಮಗುವಿಗೂ ರಕ್ಷಣೆ ಸಿಗದು. ಮೇಲ್ಮನವಿಯನ್ನು ದಾಟಿ ನಿಂತ ಶಿಕ್ಷೆಯ ಬಗ್ಗೆ ನಾಳೆ ಊರಿನ ಕಟ್ಟೆಯ ಮೇಲೆ ‘ಪಾಪ, ಅವನನ್ನು ಸಿಕ್ಕಿಸಿದರು’ ಎನ್ನುವವರ ಮಾತಿಗೆ ಬೆಲೆಯೂ ಇರುವುದಿಲ್ಲ.

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಅಪರಾಧಿ ಹೊರಬರುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು: ‘ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡಿ’ ಎಂದು. ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧವಾದರೆ, ಬಿಡುಗಡೆಗೆ ಮೊದಲು ಸರ್ಕಾರಿ ಅಭಿಯೋಜಕರಿಗೆ ಲಿಖಿತವಾಗಿ ಆಕ್ಷೇಪಿಸುವ ಅವಕಾಶ ಕೊಡಬೇಕು. ವಿಚಾರಣೆಯ ಹಂತದ ಜಾಮೀನಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಶಿಕ್ಷೆಯಾದ ಮೇಲೆ ‘ನಿರಪರಾಧಿ ಎಂದು ಭಾವಿಸಬೇಕು’ ಎಂಬ ಊಹೆ ಉಳಿದಿರುವುದಿಲ್ಲ. ತೀರ್ಪಿನ ಮೇಲುಮೇಲಿನ ಓದಿಗೇ ಎದ್ದು ಕಾಣುವಂಥ ದೋಷವಿದ್ದರೆ ಮಾತ್ರ ಶಿಕ್ಷೆಯನ್ನು ಅಮಾನತಿನಲ್ಲಿಡಬಹುದು, ಈ ಹಂತದಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೆ ತೂಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಓಂಪ್ರಕಾಶ್ ಸಾಹ್ನಿ ಪ್ರಕರಣದಲ್ಲಿ ಹೇಳಿದೆ. ಇದಕ್ಕೆ ಎದುರು ಇನ್ನೊಂದು ಹಳೆಯ ತೀರ್ಪಿದೆ. 1977ರ ಕಾಶ್ಮೀರಾ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮೇಲ್ಮನವಿಯನ್ನು ವರ್ಷಗಟ್ಟಲೆ ಕೇಳಲಾಗದಿದ್ದರೆ ಮನುಷ್ಯನನ್ನು ಅಷ್ಟೂ ಕಾಲ ಒಳಗಿಟ್ಟು, ಕೊನೆಗೆ ‘ನೀನು ನಿರಪರಾಧಿ’ ಎನ್ನುವುದು ನ್ಯಾಯವೇ ಎಂದು ಕೇಳಿತ್ತು. ಮೇಲ್ಮನವಿಯ ವಿಳಂಬ ಅಪರಾಧಿಯ ಜಾಮೀನಿಗೆ ದಾರಿಯಾಗುವುದು ಹೀಗೆ.

ಅಪರಾಧಿ ಬಹಳ ಸಲ ಪಕ್ಕದ ಮನೆಯವನು, ದಾಯಾದಿ, ಮೇಷ್ಟ್ರು. ಅವನು ಜಾಮೀನಿನ ಮೇಲೆ ಹೊರಬಂದರೆ ಬರುವುದು ಅದೇ ಓಣಿಗೆ. ಹಾಗಾಗಿ ಈ ಅರ್ಜಿಯ ವಿಚಾರಣೆಯಲ್ಲಿ ಮಗುವಿನ ಕಡೆಯವರ ಮಾತನ್ನೂ ಕೇಳಬೇಕು. ಲಖಿಂಪುರ ಖೇರಿ ಪ್ರಕರಣದ ಜಾಮೀನನ್ನು 2022ರಲ್ಲಿ ರದ್ದು ಮಾಡುವಾಗ ಸುಪ್ರೀಂ ಕೋರ್ಟ್, ತನಿಖೆಯಿಂದ ಹಿಡಿದು ಮೇಲ್ಮನವಿಯವರೆಗೆ ಪ್ರತಿ ಹಂತದಲ್ಲೂ ಸಂತ್ರಸ್ತರಿಗೆ ತಮ್ಮ ಮಾತು ಹೇಳುವ ಹಕ್ಕಿದೆ ಎಂದು ಸ್ಪಷ್ಟಪಡಿಸಿತು. ಆದರೆ ಅರ್ಜಿ ಬಂದಿರುವುದೇ ಗೊತ್ತಿಲ್ಲದವರು ಮಾತು ಹೇಳುವುದು ಹೇಗೆ?

ಇನ್ನು ಹೈಕೋರ್ಟಿನಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ನೋಡೋಣ. ಮೊದಲಿಗೆ ಪ್ರತಿ ತಾಯಿಗೂ ಗಟ್ಟಿಯಾಗಿ ಹೇಳಬೇಕಾದ ಮಾತು: ನಿಮ್ಮ ಮಗುವನ್ನು ಸಾಮಾನ್ಯವಾಗಿ ಮತ್ತೆ ಕಟಕಟೆಗೆ ಕರೆಯುವುದಿಲ್ಲ. ಮೇಲ್ಮನವಿಯೆಂದರೆ ಎರಡನೇ ವಿಚಾರಣೆಯಲ್ಲ. ಕೆಳ ನ್ಯಾಯಾಲಯದ ಕಡತ ಮೇಲೆ ಬರುತ್ತದೆ. ದೂರು, ಮಹಜರು, ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆ, ಮುಖ್ಯ ವಿಚಾರಣೆ, ಪಾಟಿ ಸವಾಲು, ವೈದ್ಯರ ವರದಿ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಎಲ್ಲವೂ ಅದರಲ್ಲಿರುತ್ತವೆ. ವಕೀಲರು ವಾದಿಸುವುದು ಆ ಕಾಗದಗಳ ಮೇಲೆ. ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರ ಹೈಕೋರ್ಟಿಗೆ ಇದೆಯಾದರೂ ಅದನ್ನು ಬಳಸುವುದು ತೀರಾ ಅಪರೂಪಕ್ಕೆ.

ಆ ಕಾಗದಗಳಲ್ಲಿ ಮೊದಲು ಹುಡುಕುವುದು ಮಗುವಿನ ಮಾತನ್ನು. ಅದೊಂದೇ ಸಾಕ್ಷ್ಯ ಇದ್ದರೂ, ನಂಬಲರ್ಹವಾಗಿದ್ದರೆ, ಶಿಕ್ಷೆಗೆ ಸಾಕು. 1996ರ ಗುರ್ಮಿತ್ ಸಿಂಗ್ ತೀರ್ಪಿನಿಂದ ಇಲ್ಲಿಯವರೆಗೆ ಸುಪ್ರೀಂ ಕೋರ್ಟ್ ಈ ನಿಲುವನ್ನು ಬಿಟ್ಟಿಲ್ಲ. ಹಾಗಾಗಿ ಮೇಲ್ಮನವಿದಾರನ ವಕೀಲರ ಮೊದಲ ಕೆಲಸವೇ ಪೊಲೀಸರು, ಮ್ಯಾಜಿಸ್ಟ್ರೇಟ್, ಕೋರ್ಟು ಹೀಗೆ ಮೂರು ಕಡೆ ಮಗು ಹೇಳಿದ ಮಾತುಗಳ ನಡುವಿನ ವ್ಯತ್ಯಾಸವನ್ನು ಎತ್ತಿ ತೋರಿಸುವುದು. ಪೊಲೀಸರ ಮುಂದೆ ‘ಸಂಜೆ’ ಎಂದಿತ್ತು, ಕೋರ್ಟಿನಲ್ಲಿ ‘ಸ್ಕೂಲು ಬಿಟ್ಟ ಮೇಲೆ’ ಎಂದಿತು. ಒಮ್ಮೆ ಅಂಗಡಿಗೆ ಹೋಗುವಾಗ ಎಂದಿತ್ತು, ಇನ್ನೊಮ್ಮೆ ಬರುವಾಗ ಎಂದಿತು. ಎಂಟು ವರ್ಷದ ಮಗು ಒಂದೂವರೆ ವರ್ಷದ ನಂತರ ನೆನಪಿಸಿಕೊಂಡು ಹೇಳುವಾಗ ಇಂಥವು ಸಹಜ. ಅನುಭವಿ ನ್ಯಾಯಮೂರ್ತಿಗಳು ಇದನ್ನು ಬಲ್ಲರು. ಅವರು ನೋಡುವುದು ಘಟನೆಯ ತಿರುಳು ನಿಂತಿದೆಯೇ, ಮಾಡಿದವನು ಯಾರು ಎಂಬುದರಲ್ಲಿ ಮಗು ಅಲುಗಾಡಿದೆಯೇ, ಯಾರಾದರೂ ಹೇಳಿಕೊಟ್ಟಿರುವ ಲಕ್ಷಣವಿದೆಯೇ ಎಂಬುದನ್ನು. ಎರಡು ಮನೆಗಳ ನಡುವೆ ಜಮೀನಿನ ತಕರಾರು ಇತ್ತೇ ಎಂಬ ಪ್ರಶ್ನೆ ಬರುವುದೂ ಇಲ್ಲಿಯೇ. ತಾಯಿಯೋ ನೆರೆಯವರೋ ಪ್ರತಿಕೂಲ ಸಾಕ್ಷಿಯಾಗಿದ್ದರೂ ಮಗುವಿನ ಮಾತು ಗಟ್ಟಿಯಾಗಿದ್ದರೆ ಶಿಕ್ಷೆ ಉಳಿಯಬಹುದು.

ವೈದ್ಯರ ವರದಿಯ ಬಗ್ಗೆ ಜನರಲ್ಲಿ ದೊಡ್ಡ ತಪ್ಪು ಕಲ್ಪನೆ ಇದೆ. ಗಾಯ ಇಲ್ಲದಿದ್ದರೆ ಪ್ರಕರಣ ಬಿದ್ದುಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಕಾನೂನು ಗಾಯವನ್ನು ಕೇಳುವುದಿಲ್ಲ. ಹೆದರಿದ ಮಗು ತಿಂಗಳ ನಂತರ ಬಾಯಿ ಬಿಟ್ಟಾಗ ಗಾಯವೆಲ್ಲಿ ಉಳಿದಿರುತ್ತದೆ? ಎರಡು ಬೆರಳಿನ ಪರೀಕ್ಷೆ ಎಂಬ ಅವಮಾನಕರ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2013ರಲ್ಲೇ ಖಂಡಿಸಿತ್ತು. 2022ರ ಅಕ್ಟೋಬರ್‌ನಲ್ಲಿ ಜಾರ್ಖಂಡ್‌ನ ಒಂದು ಪ್ರಕರಣದಲ್ಲಿ, ಹೈಕೋರ್ಟ್ ಕೊಟ್ಟಿದ್ದ ಖುಲಾಸೆಯನ್ನು ತಳ್ಳಿಹಾಕಿ ಶಿಕ್ಷೆಯನ್ನು ಮರಳಿ ತಂದಾಗ, ಇನ್ನು ಮುಂದೆ ಆ ಪರೀಕ್ಷೆ ನಡೆಸುವ ವೈದ್ಯರು ದುರ್ನಡತೆಯ ಹೊಣೆ ಹೊರಬೇಕಾಗುತ್ತದೆ ಎಂದೂ ಹೇಳಿತು.

ಮೇಲ್ಮನವಿಯಲ್ಲಿ ಶಿಕ್ಷೆಗಳು ನಿಜವಾಗಿ ಮುರಿದುಬೀಳುವ ಒಂದು ಮುಖ್ಯ ಜಾಗವೆಂದರೆ ವಯಸ್ಸು. ಘಟನೆ ನಡೆದಾಗ ಮಗುವಿಗೆ 18 ತುಂಬಿರಲಿಲ್ಲ ಎಂಬುದು ಸಾಬೀತಾಗದಿದ್ದರೆ ಪೋಕ್ಸೊ ಅನ್ವಯವೇ ಆಗದು. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಇದಕ್ಕೊಂದು ಕ್ರಮ ಹಾಕಿಕೊಟ್ಟಿದೆ: ಮೊದಲು ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿಯಂಥ ಪರೀಕ್ಷಾ ಮಂಡಳಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. 2023ರ ಜುಲೈನಲ್ಲಿ ತಮಿಳುನಾಡಿನ ಯುವಪ್ರಕಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಲೆಯ ವರ್ಗಾವಣೆ ಪತ್ರ, ನಮ್ಮ ಮಾತಿನಲ್ಲಿ ಟಿ.ಸಿ., ಈ ಕಲಂ ಕೇಳುವ ದಾಖಲೆಯಲ್ಲ ಎಂದಿತು. ವೈದ್ಯರ ಅಂದಾಜು 18ಕ್ಕಿಂತ ಮೇಲಿತ್ತು. ಪೋಕ್ಸೊ ಅಡಿಯ ಶಿಕ್ಷೆ ನಿಲ್ಲಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ‘ಜೂನ್ 1’ ಎಂದು ಬರೆದುಕೊಂಡ ಮಕ್ಕಳು ಎಷ್ಟು ಜನ ಎಂಬುದು ಎಲ್ಲರಿಗೂ ಗೊತ್ತು. ಹದಿನಾರು, ಹದಿನೇಳರ ಹುಡುಗಿಯ ಪ್ರಕರಣದಲ್ಲಿ ಆ ಒಂದು ಸಾಲಿನ ಮೇಲೆ ಎಲ್ಲವೂ ನಿಂತಿರುತ್ತದೆ. ಜನನ ಪ್ರಮಾಣಪತ್ರವನ್ನು ತನಿಖಾಧಿಕಾರಿ ತರಿಸಿದ್ದಾರೆಯೇ, ಶಾಲೆಯ ದಾಖಲಾತಿ ಪುಸ್ತಕದೊಂದಿಗೆ ಮುಖ್ಯೋಪಾಧ್ಯಾಯರು ಕೋರ್ಟಿಗೆ ಬಂದು ಸಾಕ್ಷಿ ನುಡಿದಿದ್ದಾರೆಯೇ ಎಂದು ಮನೆಯವರು ವಿಚಾರಣೆಯ ಹಂತದಲ್ಲೇ ಅಭಿಯೋಜಕರನ್ನು ಕೇಳಬೇಕು. ಹೈಕೋರ್ಟಿಗೆ ಹೋದ ಮೇಲೆ ಆ ಕಂದಕವನ್ನು ಮುಚ್ಚುವುದು ಬಹಳ ಕಷ್ಟ.

ಪೋಕ್ಸೊ ಕಾಯ್ದೆಯ 29ನೇ ಕಲಂ ಆರೋಪಿಯೇ ಅಪರಾಧ ಮಾಡಿದ್ದಾನೆ ಎಂದು ಊಹಿಸಿಕೊಳ್ಳಲು ಹೇಳುತ್ತದೆ. ಅಲ್ಲವೆಂದು ತೋರಿಸುವ ಹೊರೆ ಅವನದು. ಹಾಗೆಂದು ಅಭಿಯೋಜಕರು ಕೈಕಟ್ಟಿ ಕೂರುವಂತಿಲ್ಲ. ಮಗುವಿನ ವಯಸ್ಸು, ಘಟನೆಯ ಮೂಲ ಸಂಗತಿಗಳು ಮೊದಲು ಸಾಬೀತಾಗಬೇಕು, ಊಹೆ ಹುಟ್ಟುವುದು ಆನಂತರ. ಕೆಳ ನ್ಯಾಯಾಲಯ ಬರೀ ಈ ಊಹೆಗೆ ಜೋತುಬಿದ್ದು ಶಿಕ್ಷೆ ವಿಧಿಸಿದ್ದರೆ ಆ ತೀರ್ಪು ಮೇಲೆ ನಿಲ್ಲುವುದಿಲ್ಲ.

ಎಲ್ಲವನ್ನೂ ಕೇಳಿದ ಮೇಲೆ ಹೈಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಬಹುದು, ಖುಲಾಸೆ ಮಾಡಬಹುದು, ಅಪರಾಧದ ಕಲಂ ಬದಲಿಸಬಹುದು, ಮರುವಿಚಾರಣೆಗೂ ಕಳುಹಿಸಬಹುದು. ಅಪರಾಧಿಯೇ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಾಗುವುದಿಲ್ಲ. ಅದಕ್ಕೆ ಸರ್ಕಾರ ಬೇರೆ ಮೇಲ್ಮನವಿ ಹಾಕಬೇಕು. ಕಡಿಮೆ ಮಾಡುವುದಕ್ಕೂ ಮಿತಿಯಿದೆ. ಕಾಯ್ದೆ ನಿಗದಿ ಮಾಡಿದ ಕನಿಷ್ಠಕ್ಕಿಂತ ಕೆಳಗಿಳಿಯುವಂತಿಲ್ಲ. 2019ರ ತಿದ್ದುಪಡಿಗೆ ಹಿಂದಿನ, ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಮಗುವಿಗೆ ಸುಮಾರು ಹತ್ತು ವರ್ಷ. ಅಲಹಾಬಾದ್ ಹೈಕೋರ್ಟ್ ಅಪರಾಧವನ್ನು ಹಗುರವಾದ ಕಲಂಗೆ ಇಳಿಸಿ ಹತ್ತು ವರ್ಷದ ಶಿಕ್ಷೆಯನ್ನು ಏಳಕ್ಕೆ ತಂದಿತ್ತು. 12 ವರ್ಷದೊಳಗಿನ ಮಗುವೆಂದರೆ ಅದು ತೀವ್ರ ಸ್ವರೂಪದ ಅಪರಾಧವೇ ಎಂದು ಹೇಳಿ 2023ರಲ್ಲಿ ಸುಪ್ರೀಂ ಕೋರ್ಟ್ ಹತ್ತು ವರ್ಷವನ್ನು ಮರಳಿ ವಿಧಿಸಿತು.

ಹೈಕೋರ್ಟುಗಳೂ ಎಡವುತ್ತವೆ ಎಂಬುದಕ್ಕೆ ಇಡೀ ದೇಶ ಕಂಡ ಉದಾಹರಣೆ 2021ರ ಜನವರಿಯದು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಒಂದು ಮೇಲ್ಮನವಿಯಲ್ಲಿ, ಬಟ್ಟೆಯ ಮೇಲಿಂದ ಮುಟ್ಟಿದ್ದು ಪೋಕ್ಸೊ ಹೇಳುವ ಲೈಂಗಿಕ ಹಲ್ಲೆಯಾಗದು, ಚರ್ಮಕ್ಕೆ ಚರ್ಮ ತಾಗಬೇಕು ಎಂಬರ್ಥದ ತೀರ್ಪು ಕೊಟ್ಟಿತು. ಅಂದಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅವರೇ ಸುಪ್ರೀಂ ಕೋರ್ಟಿನ ಗಮನ ಸೆಳೆದರು. ಕೆಲವೇ ದಿನಗಳಲ್ಲಿ ತಡೆಯಾಜ್ಞೆ ಬಂತು. ನವೆಂಬರ್ 18ರಂದು ಆ ತೀರ್ಪು ರದ್ದಾಯಿತು. ಮುಖ್ಯವಾದದ್ದು ಲೈಂಗಿಕ ಉದ್ದೇಶವೇ ಹೊರತು ಚರ್ಮದ ಸ್ಪರ್ಶವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹತ್ತು ತಿಂಗಳಲ್ಲಿ ತಪ್ಪು ಸರಿಹೋಯಿತು ಎಂಬುದು ಸಮಾಧಾನದ ಸಂಗತಿ. ಆದರೆ ಪತ್ರಿಕೆಗಳಲ್ಲಿ ಅಷ್ಟು ಗದ್ದಲವಾಗದ, ಅಟಾರ್ನಿ ಜನರಲ್ ಕಣ್ಣಿಗೆ ಬೀಳದ ಪ್ರಕರಣದ ಮಗುವಿಗೆ ಈ ಅದೃಷ್ಟ ಇರುತ್ತದೆಯೇ?

ಹದಿಹರೆಯದ ಪ್ರೇಮದಿಂದ ಹುಟ್ಟುವ ಪ್ರಕರಣಗಳದು ಬೇರೆಯದೇ ಸಂಕಟ. 18ರ ಕೆಳಗಿನವರ ಒಪ್ಪಿಗೆಗೆ ಕಾಯ್ದೆಯಲ್ಲಿ ಬೆಲೆಯಿಲ್ಲ. ಹಾಗಾಗಿ ಓಡಿಹೋಗಿ ಮದುವೆಯಾದ ಹುಡುಗನಿಗೂ ಅದೇ ಕಲಂ, ಅದೇ ಕನಿಷ್ಠ ಶಿಕ್ಷೆ. ಮೇಲ್ಮನವಿ ವಿಚಾರಣೆಗೆ ಬರುವ ಹೊತ್ತಿಗೆ ಅವರಿಗೆ ಮಕ್ಕಳಾಗಿರುತ್ತವೆ. ತಮಿಳುನಾಡಿನ ಅಂಥ ಒಂದು ಪ್ರಕರಣದಲ್ಲಿ ಅಪರಾಧಿ ಹುಡುಗಿಯ ಸೋದರಮಾವ. ಆ ಭಾಗದಲ್ಲಿ ಸೋದರಮಾವನನ್ನು ಮದುವೆಯಾಗುವ ವಾಡಿಕೆಯಿದೆ, ದಂಪತಿಗೆ ಎರಡು ಮಕ್ಕಳಿವೆ ಎಂಬುದನ್ನು ಗಮನಿಸಿ ಸುಪ್ರೀಂ ಕೋರ್ಟ್ 2022ರಲ್ಲಿ ಶಿಕ್ಷೆಯನ್ನು ತೆಗೆದುಹಾಕಿತು. ಇದನ್ನು ಪೂರ್ವನಿದರ್ಶನವಾಗಿ ಬಳಸಬಾರದು ಎಂದೂ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. 2023ರಲ್ಲಿ ಬಂದ ಆಯೋಗದ 283ನೇ ವರದಿ ವಯಸ್ಸನ್ನು ಇಳಿಸಲು ಒಪ್ಪಲಿಲ್ಲ. 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆ ಇರಲಿ ಎಂದಷ್ಟೇ ಹೇಳಿತು.

ಕಲ್ಕತ್ತಾ ಹೈಕೋರ್ಟ್ 2023ರ ಅಕ್ಟೋಬರ್‌ನಲ್ಲಿ 20 ವರ್ಷ ಶಿಕ್ಷೆಯಾಗಿದ್ದವನನ್ನು ಖುಲಾಸೆ ಮಾಡುತ್ತ ಹದಿಹರೆಯದ ಹುಡುಗಿಯರು ತಮ್ಮ ಬಯಕೆಗಳನ್ನು ಹತೋಟಿಯಲ್ಲಿಟ್ಟುಕೊಳ್ಳಬೇಕು ಎಂದು ಉಪದೇಶಿಸಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡು 2024ರ ಆಗಸ್ಟ್‌ನಲ್ಲಿ ಅವನು ಅಪರಾಧಿ ಎಂಬ ತೀರ್ಮಾನವನ್ನು ಮರಳಿ ತಂದಿತು. ಆಮೇಲೆ ತಜ್ಞರ ಸಮಿತಿಯಿಂದ ಆ ಯುವತಿಯ ಸ್ಥಿತಿಗತಿ ತಿಳಿದುಕೊಂಡಿತು. ಆಕೆ ಅವನೊಂದಿಗೆ ಸಂಸಾರ ಹೂಡಿದ್ದಳು, ಮಗುವಿತ್ತು, ಅವನನ್ನು ಬಿಡಿಸಿಕೊಳ್ಳಲು ಹೋರಾಡಿದ್ದಳು. 2025ರ ಮೇ 23ರಂದು ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, ಅಪರಾಧ ಸಾಬೀತಾಗಿದ್ದರೂ ಅವನನ್ನು ಮತ್ತೆ ಜೈಲಿಗೆ ಕಳುಹಿಸುವುದಿಲ್ಲ ಎಂದಿತು. ಈ ತೀರ್ಪನ್ನು ಓದುವಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ: ಆಕೆಯನ್ನು ಹತ್ತಿರ ಕೂರಿಸಿಕೊಂಡು ‘ನಿನಗೇನು ಬೇಕು’ ಎಂದು ಕೇಳುವ ವ್ಯವಸ್ಥೆ ಕೊಟ್ಟಕೊನೆಯ ನ್ಯಾಯಾಲಯದಲ್ಲಿ ಸಿಕ್ಕಿತು. ಮೊದಲ ದಿನವೇ ಸಿಗಬೇಕಾಗಿದ್ದ ವ್ಯವಸ್ಥೆ ಅದು.

ಮೇಲ್ಮನವಿ ಬಾಕಿಯಿರುವಾಗ ಊರಿನ ಹಿರಿಯರು ‘ಆದದ್ದಾಯಿತು, ಒಂದು ಅಫಿಡವಿಟ್ ಹಾಕಿಬಿಡಿ’ ಎಂದು ಮನೆಗೆ ಬರುವುದುಂಟು. ಹಾಗೆ ಬರೆದುಕೊಟ್ಟರೆ ಮುಗಿಯುವ ಪ್ರಕರಣ ಇದಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಪೋಕ್ಸೊ ಪ್ರಕರಣವನ್ನು ರಾಜಿಯ ಆಧಾರದ ಮೇಲೆ ಹೈಕೋರ್ಟ್ ರದ್ದು ಮಾಡಿದ್ದನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಂಥ ಅಪರಾಧ ಎರಡು ಮನೆಗಳ ಖಾಸಗಿ ಜಗಳವಲ್ಲ ಎಂಬುದು ಅದರ ನಿಲುವು.

ಮಗುವಿನ ಕಡೆಯವರಿಗೂ ಮೇಲ್ಮನವಿಯ ಹಕ್ಕಿದೆ. ಆರೋಪಿ ಖುಲಾಸೆಯಾದರೆ, ಹಗುರವಾದ ಕಲಂ ಅಡಿ ಶಿಕ್ಷೆಯಾದರೆ, ಪರಿಹಾರ ಸಾಲದಾದರೆ ಅವರೇ ಹೈಕೋರ್ಟಿಗೆ ಹೋಗಬಹುದು. ಖುಲಾಸೆಯ ವಿರುದ್ಧ ಹೋಗಲು ಮೊದಲು ಅನುಮತಿ ಪಡೆಯಬೇಕಿಲ್ಲ ಎಂಬ ಮಹತ್ವದ ತೀರ್ಪು 2018ರಲ್ಲಿ ಬಂದದ್ದು ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ಆದರೆ ಶಿಕ್ಷೆಯ ವರ್ಷ ಕಡಿಮೆಯಾಯಿತು ಎಂದಷ್ಟೇ ಹೇಳಿ ಮನೆಯವರು ಮೇಲ್ಮನವಿ ಹಾಕಲಾಗದು. ಆ ಅಧಿಕಾರ ಸರ್ಕಾರದ್ದು. ಇನ್ನು ಹೆಸರು: 2018ರ ನಿಪುಣ್ ಸಕ್ಸೇನಾ ತೀರ್ಪಿನ ಪ್ರಕಾರ ಮೇಲ್ಮನವಿ ಸಲ್ಲಿಸುವಾಗಲೂ ಸಂತ್ರಸ್ತರು ತಮ್ಮ ಗುರುತು ಬಹಿರಂಗಪಡಿಸಬೇಕಿಲ್ಲ. ಹಣದ ವಿಷಯದಲ್ಲೂ ಒಂದು ಮಾತು ತಿಳಿದಿರಲಿ. ಅಪರಾಧಿ ಕಟ್ಟುವ ದಂಡದಿಂದ ಕೊಡಬೇಕಾದ ಪರಿಹಾರ ಮೇಲ್ಮನವಿ ಮುಗಿಯುವವರೆಗೆ ಕೈಗೆ ಬರುವುದಿಲ್ಲ. ಸರ್ಕಾರದ ಸಂತ್ರಸ್ತರ ಪರಿಹಾರ ನಿಧಿ ಬೇರೆ; ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬೇಕು.

ವಿಚಾರಣೆ ಒಂದು ವರ್ಷದಲ್ಲಿ ಮುಗಿಯಬೇಕು ಎನ್ನುವ ಪೋಕ್ಸೊ ಕಾಯ್ದೆ ಮೇಲ್ಮನವಿಗೆ ಯಾವ ಗಡುವನ್ನೂ ಹೇಳಿಲ್ಲ. ಅತ್ಯಾಚಾರದ ಕಲಂಗಳಡಿಯ ಶಿಕ್ಷೆಯಾದರೆ ಮೇಲ್ಮನವಿ ಆರು ತಿಂಗಳಲ್ಲಿ ಇತ್ಯರ್ಥವಾಗಬೇಕು ಎಂದು 2018ರ ತಿದ್ದುಪಡಿ ಹೇಳಿತು, ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. ಆದರೂ ವರ್ಷಗಟ್ಟಲೆ ಬಾಕಿಯಿರುವ ಮೇಲ್ಮನವಿಗಳು ಹೈಕೋರ್ಟುಗಳಲ್ಲಿವೆ. ಒಂಬತ್ತು ವರ್ಷದ ಹುಡುಗಿ ಅಷ್ಟರಲ್ಲಿ ಕಾಲೇಜು ಸೇರಿರುತ್ತಾಳೆ. ಹದಿನೈದರವಳು ಮದುವೆಯಾಗಿ ಗಂಡನ ಮನೆಯಲ್ಲಿರುತ್ತಾಳೆ. ಆಗ ಹೈಕೋರ್ಟಿನ ನೋಟಿಸು ಹಿಡಿದು ಸಮವಸ್ತ್ರದ ಪೊಲೀಸರು ಆ ಮನೆಯ ಬಾಗಿಲಿಗೆ ಬಂದರೆ? ಕಾನೂನು ಅಷ್ಟು ವರ್ಷ ಕಾಪಾಡಿದ ಗುಟ್ಟು ಒಂದು ಮಧ್ಯಾಹ್ನದಲ್ಲಿ ರಟ್ಟಾಗುತ್ತದೆ.

2020ರ ಪೋಕ್ಸೊ ನಿಯಮಗಳು ಮಗುವಿಗೆ ಬೆಂಬಲ ವ್ಯಕ್ತಿಯೊಬ್ಬರನ್ನು ಕೊಡುವ ಒಳ್ಳೆಯ ಏರ್ಪಾಡು ಮಾಡಿವೆ. ಆದರೆ ಅವರ ನೆರವಿನ ಬಗ್ಗೆ ಹೇಳುವಾಗ ನಿಯಮ ಬಳಸುವ ಮಾತು ‘ತನಿಖೆ ಮತ್ತು ವಿಚಾರಣೆ’ ಎಂದು. ಮೇಲ್ಮನವಿ ಅಲ್ಲಿಲ್ಲ. ಬದಲಾಗಬೇಕಾದದ್ದು ಇದು. ಶಿಕ್ಷೆ ಪ್ರಕಟವಾದ ದಿನವೇ ವಿಶೇಷ ನ್ಯಾಯಾಲಯ ಮನೆಯವರಿಗೆ ತೀರ್ಪಿನ ಪ್ರತಿಯ ಜೊತೆ, ಅಪರಾಧಿ ಮೇಲ್ಮನವಿ ಹಾಕಬಹುದು, ಜಾಮೀನು ಕೇಳಬಹುದು, ಆಗ ನಿಮ್ಮ ಮಾತಿಗೂ ಜಾಗವಿದೆ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಲಿ. ನೋಟಿಸು ಯಾವ ವಿಳಾಸಕ್ಕೆ, ಯಾರ ಮೂಲಕ ಬರಬೇಕು ಎಂದು ಅವರನ್ನೇ ಕೇಳಿ ಮುಚ್ಚಿದ ಲಕೋಟೆಯಲ್ಲಿ ಹೈಕೋರ್ಟಿಗೆ ಕಳುಹಿಸಲಿ. ಮೇಲ್ಮನವಿ ದಾಖಲಾದ ಕೂಡಲೇ ಕಾನೂನು ಸೇವಾ ಸಮಿತಿ ಮಗುವಿನ ಪರವಾಗಿಯೂ ಒಬ್ಬ ವಕೀಲರನ್ನು ನೇಮಿಸಲಿ. ಆರೋಪಿಗೆ ಇರುವ ಉಚಿತ ನೆರವಿನ ಹಕ್ಕು ಅದೇ 1987ರ ಕಾಯ್ದೆಯಲ್ಲಿ ಮಕ್ಕಳಿಗೂ ಮಹಿಳೆಯರಿಗೂ ಇದೆ. ಇದಕ್ಕಾಗಿ ಸಂಸತ್ತು ಹೊಸ ಕಾನೂನು ಮಾಡಬೇಕಿಲ್ಲ, ಹೈಕೋರ್ಟಿನ ಒಂದು ಸುತ್ತೋಲೆ ಸಾಕು.